ಒಕ್ಕಣ್ಣಿನ ಮರಿಗಳು

ಕೋಳಿಮರಿಯ ಬಲಗಣ್ಣಿಗೆ ಪ್ಲಾಸ್ಟರಿನ ತುಂಡು ಅಂಟಿಸುವಾಗ ಷಣ್ಮುಖಪ್ಪನ ಬೆರಳು ನಡುಗಲಿಲ್ಲ. ನಡುಗಬೇಕಿತ್ತು ಎಂದು ಅವನಿಗೇ ಅನ್ನಿಸಿತು. ಇವತ್ತು ಮಧ್ಯಾಹ್ನದೊಳಗೆ ಬಿಳಿಚೋಡಿನಿಂದ ಹೆಂಡತಿಯ ಅಣ್ಣ ಪಂಚಾಕ್ಷರಪ್ಪ ಬರುತ್ತಾನೆ. ಬಂದವನು ಕಾಲಿಗೆ ನೀರು ಹಾಕಿಕೊಂಡು, ನೀರು ಕುಡಿದು, ಟವೆಲ್ಲಿನಿಂದ ಮೀಸೆ ಒರೆಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳುತ್ತಾನೆ. ಹೋದ ಸಲ ಬಂದಾಗಲೇ ಅದನ್ನು ಹೇಳಿ ಹೋಗಿದ್ದ. "ನೋಡ್ರಿ ಭಾವ, ನಮ್ಮ ತಂಗಿ ಕಸ್ತೂರಿಗೆ ನಿಮ್ಮ ಗುರುತು ಐತೆ ಅಂದ್ರೆ ಅವಳ ಜಾಗ ಇದೇ. ಒಬ್ಬ ಹೆಣ್ಣಾಳನ್ನ ಗೊತ್ತು ಮಾಡಿ ಕಳಿಸ್ತೀನಿ. ಗುರುತೇ ಇಲ್ಲ ಅಂದ್ಮ್ಯಾಲೆ ಯಾರ ಮನೇಲಿದ್ರೇನು? ನಮ್ಮನೇಲಿ ಹೆಣ್ಮಕ್ಕಳು ಬೇಕಾದಷ್ಟು ಜನ ಅದಾರೆ, ನೋಡ್ಕೊಂತಾರೆ. ಐತೋ ಇಲ್ಲೋ, ಅದೊಂದು ನೀವೇ ಹೇಳ್ರಿ. ಓದಿದೋರು ನೀವು." ಓದಿದವನು ಯೋಚಿಸಿ ಹೇಳುತ್ತೇನೆಂದಿದ್ದ. ಯೋಚಿಸುವುದಕ್ಕೆ ಏನೂ ಇರಲಿಲ್ಲ. ‘ಇಲ್ಲ’ ಎಂಬ ಎರಡಕ್ಷರವನ್ನು ಅವನು ಅಂದಿನಿಂದಲೂ ಬಾಯಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ. ಉಗುಳುವುದಕ್ಕೆ ಒಂದು ನೆಪ ಬೇಕಾಗಿತ್ತು, ಅಷ್ಟೇ.

ಮರಿ ಕೈಯಲ್ಲಿ ಬೆಚ್ಚಗಿತ್ತು. ಅದನ್ನು ಹಲಗೆಯ ಮೇಲೆ ಬಿಟ್ಟ. ಹಲಗೆಯ ತುಂಬ ಭದ್ರಾ ಕಾಲುವೆಯ ಮರಳಿನಿಂದ ಆರಿಸಿ ತಂದ ಸಣ್ಣ ಕಲ್ಲುಗಳನ್ನು ಗೋಂದು ಹಾಕಿ ಅಂಟಿಸಿದ್ದ. ಅವುಗಳ ನಡುವೆ ಅಷ್ಟೇ ಗಾತ್ರದ ಜೋಳದ ನುಚ್ಚು ಉದುರಿಸಿದ್ದ. ಮೈಸೂರಿನಲ್ಲಿ ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರುಗಳಿಗೆಂದು ನಡೆದ ಬೇಸಿಗೆ ತರಬೇತಿಯಲ್ಲಿ ಯಾರೋ ದೊಡ್ಡವರು ಬಂದು, ಪರದೇಶದಲ್ಲಿ ಹೀಗೆ ಮಾಡಿ ನೋಡಿದ್ದಾರೆ ಎಂದು ವಿವರಿಸಿದ್ದರು. ಹಕ್ಕಿಯ ಬಲಗಣ್ಣು ಕಂಡದ್ದು ಮಿದುಳಿನ ಎಡಭಾಗಕ್ಕೆ ಹೋಗುತ್ತದೆ, ಎಡಗಣ್ಣು ಕಂಡದ್ದು ಬಲಭಾಗಕ್ಕೆ. ಎಡಗಣ್ಣು ಮುಚ್ಚಿ ಬಲಗಣ್ಣು ಬಿಟ್ಟರೆ ಮರಿ ಸ್ವಲ್ಪ ಹೊತ್ತಿಗೆ ಕಾಳು ಯಾವುದು, ಕಲ್ಲು ಯಾವುದು ಎಂದು ಕಲಿತುಬಿಡುತ್ತದೆ. ಬಲಗಣ್ಣು ಮುಚ್ಚಿದ ಮರಿಗೆ ಮಾತ್ರ ಆ ಬುದ್ಧಿ ಬೇಗ ಬರುವುದಿಲ್ಲ; ಕಾಳಿಗೂ ಕುಕ್ಕುತ್ತದೆ, ಕಲ್ಲಿಗೂ ಕುಕ್ಕುತ್ತದೆ. ಎಲ್ಲರೂ ಬರೆದುಕೊಂಡರು, ಟೀ ಕುಡಿದರು, ಮರೆತರು. ಷಣ್ಮುಖಪ್ಪನೂ ಮರೆತಿದ್ದ. ಕಸ್ತೂರಮ್ಮ ಹೋದ ವರ್ಷ ಬಚ್ಚಲಲ್ಲಿ ಬಿದ್ದು, ಬಲಗೈ ಬಲಗಾಲು ಸ್ವಾಧೀನ ತಪ್ಪಿ, ಅವುಗಳ ಜೊತೆಗೆ ಮಾತೂ ಹೋದಾಗ, ದಾವಣಗೆರೆಯ ಡಾಕ್ಟರು ತಲೆಯ ಎಡಗಡೆ ಬೆರಳಿಟ್ಟು "ಪೆಟ್ಟು ಇಲ್ಲಿ ಆಗಿದೆ" ಎಂದರು. ಅವನಿಗೆ ಮೊದಲು ನೆನಪಾದದ್ದು ಹೆಂಡತಿಯ ಮುಖವಲ್ಲ, ಆ ಮರಿಗಳು. ಇದನ್ನು ಅವನು ಯಾರಿಗೂ ಹೇಳಿಲ್ಲ.

ಲಿಂಗವಂತರ ಕೇರಿಯಲ್ಲಿ ಕೋಳಿಮರಿ ತಂದಿಟ್ಟುಕೊಂಡ ಮೇಲೆ ಸುಮ್ಮನಿರುತ್ತಾರೆಯೇ? ಮನೆಯೊಡತಿ ಅಜ್ಜಮ್ಮ, ಅಡಿಕೆ ಮಂಡಿಯ ಯಜಮಾನರ ಹೆಂಡತಿ, ಹಿತ್ತಿಲ ಕೋಣೆಯ ಕಿಟಕಿಗೆ ಮುಖವಿಟ್ಟು ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೇಳಿದ್ದಳು: "ಮೇಷ್ಟ್ರೆ, ಗಿಣಿ ಸಾಕ್ರಿ, ಪಾರಿವಾಳ ಸಾಕ್ರಿ, ಬ್ಯಾಡ ಅಂದೋರ್ಯಾರು? ಇದು ಮಾತ್ರ ಬ್ಯಾಡ್ರಿ. ಸ್ವಾಮಿಗಳು ಪಾದ ಇಟ್ಟು ಹೋದ ಮನೆ ಇದು." ಇವು ಕಾಲೇಜಿನವು, ಸರ್ಕಾರದವು, ಎಂದು ಅವನು ಸುಳ್ಳು ಹೇಳಿದ. ಸರ್ಕಾರದವು ಎಂದ ಮೇಲೆ ಅಜ್ಜಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ಪೇಟೆಯಲ್ಲಿ ಅವನಿಗೆ ಒಕ್ಕಣ್ಣಿನ ಮೇಷ್ಟ್ರು ಎಂದು ಹೆಸರು ಬಿತ್ತು. ಸಂತೆಯ ದಿನ ಯಾರೋ ಹಿಂದಿನಿಂದ "ಮರಿ ಏನು ದರ ಮಾಡಿದ್ರಿ?" ಎಂದು ಕೂಗಿದರು. ತಿರುಗಿ ನೋಡದೆ ಬಂದ. ಮೊದಲಾಗಿದ್ದರೆ ಕಿವಿ ಕೆಂಪಾಗುತ್ತಿತ್ತು. ರಾತ್ರಿ ಉಣ್ಣುತ್ತ ಕಸ್ತೂರಿಗೆ ಹೇಳಿಕೊಂಡು ಹಗುರಾಗುತ್ತಿದ್ದ. ಈಗ ಕಿವಿಯೂ ಅವಳ ಬಲಗೈಯ ಹಾಗೆಯೇ, ಮುಟ್ಟಿದರೆ ಇದೆ, ಇಲ್ಲದಿದ್ದರೆ ಇಲ್ಲ. ಹಲಗೆಯ ಮೇಲೆ ಬಲಗಣ್ಣು ಮುಚ್ಚಿದ ಮರಿ ಒಂದು ಕಲ್ಲನ್ನೇ ಹಿಡಿದು ಕುಕ್ಕುತ್ತಿತ್ತು. ಬರಲಿಲ್ಲ. ಮತ್ತೆ ಕುಕ್ಕಿತು.

ಪಡಸಾಲೆಯಲ್ಲಿ ಕಸ್ತೂರಮ್ಮ ಗೋಡೆಗೆ ಒರಗಿ ಕೂತಿದ್ದಳು. ಬಟ್ಟಲಿನಲ್ಲಿ ಅಂಬಲಿ ತಂದು ಎದುರಿಗೆ ಕೂತ. ಚಮಚ ಮುಂದೆ ಮಾಡಿದರೆ ಬಾಯಿ ತೆರೆಯುತ್ತಾಳೆ, ಹೊರಗೆ ಯಾರದಾದರೂ ಹೆಜ್ಜೆ ಸಪ್ಪಳ ಕೇಳಿದರೆ ಮುಚ್ಚುತ್ತಾಳೆ. ಎಡಗೈ ಚೆನ್ನಾಗಿಯೇ ಇದೆ. ಅದರಲ್ಲೇ ಉಣ್ಣು ಎಂದು ಅವನು ಎಷ್ಟು ಹೇಳಿದರೂ ಉಣ್ಣಲಿಲ್ಲ. ಎಡಗೈ ಲಿಂಗ ಹಿಡಿಯುವ ಕೈ; ದಿನಾ ಬೆಳಿಗ್ಗೆ ಅವಳು ಅಂಗೈ ಚಾಚಿದರೆ ಅವನು ಕರಡಿಗೆಯಿಂದ ಲಿಂಗ ತೆಗೆದು ಅದರ ಮೇಲಿಡಬೇಕು, ವಿಭೂತಿ ಹಚ್ಚಬೇಕು, ಹೂವಿಡಬೇಕು. ಅವಳು ದಿಟ್ಟಿಸುತ್ತಾಳೆ. ಏನನ್ನು ದಿಟ್ಟಿಸುತ್ತಾಳೆ? ಅಭ್ಯಾಸ, ಎಂದು ಅವನು ತನಗೆ ತಾನೇ ಪಾಠ ಹೇಳಿಕೊಳ್ಳುತ್ತಾನೆ; ಎತ್ತು ಹೊಡೆಯುವವನಿಲ್ಲದೆ ಮನೆಗೆ ಬರುವುದಿಲ್ಲವೇ, ಹಾಗೆ. "ಉಪ್ಪು ಸಾಕಾ?" ಎಂದ. "ಆತು" ಎಂದಳು. ಉಳಿದಿರುವುದು ಅದೊಂದೇ ಮಾತು. ಉಂಡೆಯಾ, ಆತು. ನೋವಾ, ಆತು. ಮಳೆ ಬರುತ್ತಾ, ಆತು. ಬಿದ್ದ ಹೊಸತರಲ್ಲಿ ಅದಕ್ಕೊಂದು ಅರ್ಥ ಹುಡುಕುತ್ತಿದ್ದ, ದನಿ ಏರಿತೇ ಇಳಿಯಿತೇ ಎಂದು ಕಿವಿಗೊಡುತ್ತಿದ್ದ. ಈಗಿಲ್ಲ. "ಅಣ್ಣ ಬರ್ತಾರೆ ಇವತ್ತು. ಬಿಳಿಚೋಡಿಗೆ ಹೋಗ್ತೀಯಾ?" "ಆತು." "ಇಲ್ಲೇ ಇರ್ತೀಯಾ?" "ಆತು." ಗಲ್ಲಕ್ಕೆ ಇಳಿದ ಅಂಬಲಿಯನ್ನು ಅವನು ಚಮಚದ ಅಂಚಿನಿಂದ ಕೆರೆದು ತೆಗೆದ. ಹೀಗೆ ಕೆರೆಯುವುದು ಅವಳಿಗೆ ಇಷ್ಟವಿಲ್ಲ. ಸೆರಗಿನಿಂದ ಒರೆಸಬೇಕು. ಗೊತ್ತಿದ್ದೂ ಕೆರೆದ.

ದಾವಣಗೆರೆಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಹೊರಗೆಲ್ಲೋ ಓದಿ ಬಂದವರು. ಮೇಜಿನ ಮೇಲೆ ಪೆನ್ನು, ಬೀಗದಕೈ, ಗಡಿಯಾರ ಇಟ್ಟು ಒಂದೊಂದನ್ನೇ ತೋರಿಸಿ ಹೆಸರು ಕೇಳಿದರು. ಕಸ್ತೂರಮ್ಮ ಪ್ರತಿಯೊಂದಕ್ಕೂ ಬಾಯಿ ತೆರೆದು, ಗಂಟಲಿನಲ್ಲಿ ಏನನ್ನೋ ಎಳೆದಾಡಿ, ಬೆವತು, ಕೊನೆಗೆ "ಆತು" ಎಂದಳು. ಆಮೇಲೆ ಅವರು ಷಣ್ಮುಖಪ್ಪನ ಭುಜ ಹಿಡಿದು ಮುಂದೆ ನಿಲ್ಲಿಸಿ, "ಇವರ ಹೆಸರೇನಮ್ಮಾ?" ಎಂದರು. ಅವಳು ಬಾಯಿ ತೆರೆಯಲಿಲ್ಲ. ಎಳೆದಾಡಲಿಲ್ಲ, ಬೆವರಲಿಲ್ಲ. ತಲೆ ತಗ್ಗಿಸಿ ಎಡಗೈಯಲ್ಲಿ ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಳು. "ಪೂರ್ತಿ ಹೋಗಿದೆ, ಪ್ರಯತ್ನಾನೇ ಇಲ್ಲ ನೋಡಿ. ಗಂಡನ ಗುರುತು ಉಳಿದಿರೋದೇ ಅನುಮಾನ" ಎಂದರು ಡಾಕ್ಟರು. ಆಗ ಷಣ್ಮುಖಪ್ಪ ಹೇಳಬಹುದಾಗಿತ್ತು. ಡಾಕ್ಟ್ರೇ, ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಇವಳು ಮದುವೆಯಾದಾಗಿನಿಂದ ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಪಕ್ಕದ ಮನೆಯವರ ಮುಖ ನೋಡುತ್ತಿದ್ದಳು. ಷಣ್ಮುಖನ ಷಷ್ಠಿ ದಿನವನ್ನೂ ‘ಅವರ ಹೆಸರಿನ ಹಬ್ಬ’ ಎನ್ನುತ್ತಿದ್ದಳು. ಇದಿಷ್ಟನ್ನು ಹೇಳುವುದಕ್ಕೆ ಒಂದು ಗಳಿಗೆ ಸಾಕಾಗಿತ್ತು. ಅವನು ಹೇಳಲಿಲ್ಲ. ಡಾಕ್ಟರ ಮಾತು ಕೇಳಿ ಎದೆಯಲ್ಲಿ ಏನೋ ಸಡಿಲಾಯಿತು, ದುಃಖವಿರಬೇಕು ಎಂದುಕೊಂಡ. ಬಸ್ಸಿನಲ್ಲಿ ವಾಪಸು ಬರುವಾಗ ಅವಳ ತಲೆ ಭುಜಕ್ಕೆ ಬಡಿಯುತ್ತಿದ್ದಾಗ ಗೊತ್ತಾಯಿತು, ಅದು ದುಃಖವಲ್ಲ, ಬಿಡುಗಡೆ. ಗುರುತಿಲ್ಲದವಳನ್ನು ಬಿಟ್ಟರೆ ಬಿಟ್ಟಂತಲ್ಲ.

ಆದರೂ ಮೇಷ್ಟ್ರ ಬುದ್ಧಿ. ಡಾಕ್ಟರ ಪ್ರಯೋಗ ಕೆಟ್ಟ ಪ್ರಯೋಗ, ಅದರಿಂದ ಏನೂ ತೀರ್ಮಾನವಾಗುವುದಿಲ್ಲ ಎಂದು ಒಳಗೆ ಒಂದು ದನಿ ಕೊರೆಯುತ್ತಲೇ ಇತ್ತು. ಹೇಳದೇ ಇರುವುದಕ್ಕೂ ಹೇಳಲಾರದೇ ಇರುವುದಕ್ಕೂ ಹೊರಗಿನಿಂದ ನೋಡಿದರೆ ಏನು ವ್ಯತ್ಯಾಸ? ಮರಿಗಾದರೆ ಕಣ್ಣು ಮುಚ್ಚಿ ನೋಡಬಹುದು. ಮನುಷ್ಯರ ಒಂದೊಂದು ಕಣ್ಣು ಕಂಡದ್ದೂ ಮಿದುಳಿನ ಎರಡೂ ಕಡೆಗೆ ಹೋಗುತ್ತದೆ, ಮುಚ್ಚಿ ಪ್ರಯೋಜನವಿಲ್ಲ. ಬಟ್ಟಲು ತೊಳೆದಿಟ್ಟು ಬಂದವನು ಗೋಡೆಯ ಮೇಲಿದ್ದ ತನ್ನ ಫೋಟೋ ಇಳಿಸಿದ. ಪೆಟ್ಟಿಗೆಯಿಂದ ಪಂಚಾಕ್ಷರಪ್ಪನದೊಂದು ತೆಗೆದ. ಹಳೆಯ ಪತ್ರಿಕೆಯಿಂದ, ಬೀಜದ ಜಾಹೀರಾತಿನಲ್ಲಿ ನಗುತ್ತಿದ್ದ ಯಾರೋ ರೈತನ ಚಿತ್ರ ಹರಿದುಕೊಂಡ. ಮೂರನ್ನೂ ಅವಳ ಮುಂದೆ ಸಾಲಾಗಿಟ್ಟ. ಇಡುವಾಗ ಅವುಗಳ ನಡುವೆ ಒಂದೇ ಸಮ ಅಂತರ ಇರುವಂತೆ ನೋಡಿಕೊಂಡ. "ಕಸ್ತೂರಿ, ಇದ್ರಲ್ಲಿ ನಿನ್ನ ಗಂಡ ಯಾರು? ತೋರ್ಸು." ಕ್ಲಾಸಿನ ದನಿ ಬಂದಿತ್ತು. ಅವಳು ಫೋಟೋಗಳನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು, ಬಹಳ ಹೊತ್ತು. ಅವನು ಮುಖದಲ್ಲಿ ಯಾವ ಸುಳಿವೂ ಕೊಡಬಾರದೆಂದು ಗೋಡೆಯ ಮೊಳೆ ನೋಡುತ್ತ ಕೂತ. ಎಡಗೈ ಮುಂದೆ ಬಂತು. ಮೊದಲು ರೈತನ ಚಿತ್ರ, ಆಮೇಲೆ ಅಣ್ಣನದು, ಆಮೇಲೆ ಅವನದು, ಒಂದೊಂದನ್ನೇ ಬೋರಲು ಹಾಕಿದಳು. ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ, ಸತ್ತ ಕೈಯ ಪಕ್ಕದಲ್ಲಿ ಇಟ್ಟುಕೊಂಡಳು. ಕಾಳೂ ಒಂದೇ ಕಲ್ಲೂ ಒಂದೇ, ಎಂದು ಅವನು ಮನಸ್ಸಿನಲ್ಲಿ ಬರೆದುಕೊಂಡ. ನೆಪ ಸಿಕ್ಕಿತ್ತು. ಸಂತೋಷವಾಗಬೇಕಿತ್ತು, ಅದೂ ಆಗಲಿಲ್ಲ. ಹೊಟ್ಟೆ ಹಸಿದಿದೆ ಎಂದಷ್ಟೇ ಗೊತ್ತಾಯಿತು.

ಪಂಚಾಕ್ಷರಪ್ಪ ಬಂದ, ಜೊತೆಗೆ ಹೆಂಡತಿ ಶಂಕ್ರಮ್ಮನೂ ಇದ್ದಳು, ಕೈಯಲ್ಲಿ ರೊಟ್ಟಿಯ ಗಂಟು. ಶಂಕ್ರಮ್ಮ ನೇರ ಪಡಸಾಲೆಗೆ ಹೋಗಿ ನಾದಿನಿಯ ಗಲ್ಲ ಹಿಡಿದು ಅತ್ತಳು. ಕಸ್ತೂರಮ್ಮ "ಆತು, ಆತು" ಎಂದು ಅತ್ತಿಗೆಯ ಬೆನ್ನು ಸವರಿದಳು. ಸಮಾಧಾನ ಹೇಳುತ್ತಿರುವುದು ಯಾರು, ಹೇಳಿಸಿಕೊಳ್ಳುತ್ತಿರುವುದು ಯಾರು ಎಂದು ನೋಡಿದವರಿಗೆ ಗೊಂದಲವಾಗಬೇಕು. ಪಂಚಾಕ್ಷರಪ್ಪ ಜಗಲಿಯ ಮೇಲೆ ಕೂತು ನೀರು ಕುಡಿದ, ಮೀಸೆ ಒರೆಸಿಕೊಂಡ. "ಹೆಂಗ್ರಿ ಭಾವ? ಗುರುತು?"

"ಇಲ್ಲ" ಎಂದ ಷಣ್ಮುಖಪ್ಪ. ಅಷ್ಟು ದಿನ ಬಾಯಲ್ಲಿದ್ದದ್ದಕ್ಕೋ ಏನೋ, ಅದಕ್ಕೆ ಯಾವ ರುಚಿಯೂ ಇರಲಿಲ್ಲ.

"ಸರಿಯಾಗಿ ನೋಡಿದ್ರಾ?"

"ಇವತ್ತೂ ಪರೀಕ್ಷೆ ಮಾಡಿದೆ. ಫೋಟೋ ಇಟ್ಟು."

ಪಂಚಾಕ್ಷರಪ್ಪ ಟವೆಲ್ಲನ್ನು ಕಣ್ಣಿಗೆ ಒತ್ತಿಕೊಂಡ. "ಆಗ್ಲಿ ಬಿಡ್ರಿ. ನಿಮ್ಮ ತಪ್ಪೇನೈತೆ? ಒಂದು ವರ್ಷ ಮಾಡೀರಿ, ಯಾವ ಗಂಡಸೂ ಇಷ್ಟು ಮಾಡಾಕಿಲ್ಲ" ಎಂದ. ಹೊಗಳಿಕೆ ನೇರವಾಗಿ ಬಂದು ತಗುಲಿತು. ಷಣ್ಮುಖಪ್ಪ ಅದನ್ನು ಒರೆಸಿಕೊಳ್ಳದೆ ಹಾಗೆಯೇ ಬಿಟ್ಟ. ಹುಟ್ಟೂರು ಗೋವಿನಕೋವಿಯಲ್ಲಿ ಅವನ ಅಪ್ಪ ಯಾರೇ ಹೊಗಳಿದರೂ ‘ಇರಲಿ ಬಿಡ್ರಿ’ ಎಂದು ಕೈ ಅಡ್ಡ ಮಾಡುತ್ತಿದ್ದ. ಅಷ್ಟು ಕೈ ಎತ್ತುವುದೂ ಇವನಿಂದ ಆಗಲಿಲ್ಲ.

ಉಂಡಾದ ಮೇಲೆ ಹೊರಡಿಸುವ ಗಡಿಬಿಡಿ. ಮುತ್ತೈದೆ ಬರಿ ಮಡಿಲಲ್ಲಿ ಹೋಗಬಾರದೆಂದು ಅಜ್ಜಮ್ಮ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಶಿನದ ಕೊಂಬು, ಒಂದು ಹಸಿರು ರವಿಕೆ ಕಣ ಇಟ್ಟುಕೊಂಡು ಉಡಿ ತುಂಬಲು ಬಂದಳು. ಕೋಳಿ ಇರುವ ಮನೆ ಎಂಬ ಸಿಟ್ಟನ್ನು ಹೊಸ್ತಿಲಾಚೆ ಬಿಟ್ಟು ಬಂದಿದ್ದಳು. ಕಸ್ತೂರಮ್ಮನನ್ನು ಮಣೆಯ ಮೇಲೆ ಕೂರಿಸಿದರು. ಬಲಗೈ ಸೆರಗು ಹಿಡಿಯಲಾರದೆಂದು ಶಂಕ್ರಮ್ಮ ಆ ಕಡೆಯ ಅಂಚು ಹಿಡಿದಳು. ಅಜ್ಜಮ್ಮ ಕುಂಕುಮ ಹಚ್ಚಿ, ಬೊಗಸೆಯಲ್ಲಿ ಅಕ್ಕಿ ಎತ್ತಿಕೊಂಡು, ಮೂವತ್ತು ವರ್ಷದಿಂದ ಕೇರಿಯ ಹೆಣ್ಣುಮಕ್ಕಳಿಗೆಲ್ಲ ಹೇಳಿದ ಹಾಗೆ, ಎದುರಿಗಿರುವವಳು ಯಾರೆಂಬುದನ್ನೇ ಮರೆತು ನಗುತ್ತ ಹೇಳಿಬಿಟ್ಟಳು: "ಹೂಂ, ಹೆಸರು ಹೇಳವ್ವ. ಒಡಪು ಹಾಕದೆ ಉಡಿ ತುಂಬಾಕೆ ಬರಾಕಿಲ್ಲ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಶಂಕ್ರಮ್ಮ ಮುಖ ಆಚೆ ತಿರುಗಿಸಿದಳು. ಬಾಗಿಲಲ್ಲಿ ನಿಂತಿದ್ದ ಷಣ್ಮುಖಪ್ಪನಿಗೆ ಎಲ್ಲಾದರೂ ಹೋಗಿಬಿಡಬೇಕೆನಿಸಿತು.

ಕಸ್ತೂರಮ್ಮ ತಲೆ ಎತ್ತಿದಳು. ಉಸಿರೆಳೆದುಕೊಂಡಳು. ಮದುವೆಯ ಮನೆಗಳಲ್ಲಿ ಹೆಂಗಸರು, ಬೇರೆ ಹೊತ್ತಿನಲ್ಲಿ ಬಾಯಿಗೇ ತರದ ಗಂಡನ ಹೆಸರನ್ನು ಪದ್ಯದ ನಡುವೆ ಅಡಗಿಸಿ ಒಂದೇ ಉಸಿರಿಗೆ ಹೇಳುತ್ತಾರಲ್ಲ, ಅದೇ ರಾಗದಲ್ಲಿ, ಎಲ್ಲೂ ತಡವರಿಸದೆ:

"ಅಟ್ಟದ ಮ್ಯಾಲೆ ಕಟ್ಟಿಟ್ಟ ಸಜ್ಜೆ ತೆನೆ,
ಕೆಟ್ಟ ಕಣ್ಣಿಗೆ ಬೀಳದಿರ್ಲಿ ನಮ್ಮ ಮನೆ,
ಕೇಳೋರು ಕೇಳ್ರಿ, ಹೇಳ್ತೀನಿ ನಾನೇ,
ಷಣ್ಮುಖಪ್ಪನೋರು ನನ್ನೋರು, ನಾನು ಅವರೋಳೇ."

ಅಜ್ಜಮ್ಮನ ಬೊಗಸೆಯ ಅಕ್ಕಿ ಅರ್ಧ ಉಡಿಗೆ, ಅರ್ಧ ನೆಲಕ್ಕೆ ಚೆಲ್ಲಿತು. ಶಂಕ್ರಮ್ಮ "ಅಯ್ಯೋ ನನ್ನವ್ವ" ಎಂದು ಕಸ್ತೂರಮ್ಮನನ್ನು ತಬ್ಬಿಕೊಂಡಳು. ಪಂಚಾಕ್ಷರಪ್ಪ ಜಗಲಿಯಿಂದ ಓಡಿಬಂದು, ನಗುತ್ತ ಅಳುತ್ತ, "ಭಾವ! ಗುರುತೈತಲ್ರೀ! ಹೆಸರು ಹೇಳಿದ್ಲಲ್ರೀ! ಇನ್ಯಾಕೆ ಕರ್ಕೊಂಡು ಹೋಗ್ಲಿ? ನಾಳೇನೇ ಹೆಣ್ಣಾಳನ್ನ ಕಳಿಸ್ತೀನಿ" ಎಂದು ಅವನ ಎರಡೂ ಕೈ ಹಿಡಿದುಕೊಂಡ. ಎಲ್ಲರ ಮುಖವೂ ಅವನ ಕಡೆ ತಿರುಗಿತ್ತು. ಅವನು ಏನಾದರೂ ಮಾಡಬೇಕಾಗಿತ್ತು, ಕಣ್ಣೊರೆಸಿಕೊಳ್ಳುವುದೋ, ಹೆಂಡತಿಯ ಹತ್ತಿರ ಹೋಗಿ ಕೂರುವುದೋ. ಅದರ ಬದಲು ಅವನಿಗೆ ಕಂಡದ್ದು ಮುಂದಿನ ವರ್ಷಗಳು: ಚಮಚ, ಅಂಬಲಿ, ಬಚ್ಚಲು, ಆತು.

"ಅದು ಮಾತಲ್ಲ ಭಾವ" ಎಂದ. ತನ್ನ ದನಿ ತನಗೇ ಶಾಂತವಾಗಿ ಕೇಳಿಸಿತು. "ಹಾಡು. ಹಾಡು, ಪದ್ಯ, ಬಾಯಿಪಾಠ, ಇವೆಲ್ಲ ತಲೆಯ ಬಲಗಡೆ ಇರ್ತಾವೆ. ಪೆಟ್ಟು ಬಿದ್ದಿರೋದು ಎಡಗಡೆ. ಅದಕ್ಕೇ ಹಾಡು ಉಳಿದಿದೆ, ಅಷ್ಟೇ. ಅರ್ಥ ಗೊತ್ತಿರಬೇಕು ಅಂತೇನಿಲ್ಲ. ಗಿಣಿ ಹೇಳಲ್ವ, ಹಾಗೆ." ಹೇಳುತ್ತಿರುವಾಗಲೇ ನೆನಪಾಯಿತು: ಅದೇ ತರಬೇತಿಯಲ್ಲಿ ಅದೇ ದೊಡ್ಡವರು, ಹಳದಿ ಬಣ್ಣದ ಒಂದು ಹಾಡುಹಕ್ಕಿಯ ಹಾಡು ಎಡಗಡೆಗೇ ಸೇರಿದ್ದು, ಆ ಕಡೆಯ ನರ ಕತ್ತರಿಸಿದರೆ ಹಾಡೇ ಹೋಗುತ್ತದೆ ಎಂದಿದ್ದರು. ಹಕ್ಕಿಯದು ಬೇರೆ, ಮನುಷ್ಯನದು ಬೇರೆ. ಯಾವುದು ಎಷ್ಟು ಉಳಿದಿದೆ ಎಂದು ಹೊರಗೆ ನಿಂತು ಹೇಳುವುದು ಯಾರಿಂದಲೂ ಸಾಧ್ಯವಿಲ್ಲ ಎಂದೂ ಹೇಳಿದ್ದರು. ಅದನ್ನು ನುಂಗಿಕೊಂಡ. ಹಿತ್ತಿಲಲ್ಲಿ ಮರಿಗಳು ಚಿಯ್ಯೆನ್ನುತ್ತಿದ್ದವು.

"ನಮಗೇನು ತಿಳೀತೈತ್ರಿ ಅದು" ಎಂದ ಪಂಚಾಕ್ಷರಪ್ಪ. ಹಿಡಿದಿದ್ದ ಕೈ ಬಿಟ್ಟ. "ಹಂಗಾದ್ರೆ ಕರ್ಕೊಂಡು ಹೋಗ್ಲೋ, ಬಿಡ್ಲೋ? ಅದನ್ನಾದ್ರೂ ಹೇಳ್ರಿ."

ಷಣ್ಮುಖಪ್ಪ ಬಾಯಿ ತೆರೆಯುವ ಮೊದಲೇ ಕಸ್ತೂರಮ್ಮ ಎದ್ದಿದ್ದಳು. ಅವನನ್ನೇ ನೋಡುತ್ತಿದ್ದಳು, ಗಿಣಿ ಎಂದಾಗಲೂ ನೋಡುತ್ತಿದ್ದಳೇನೋ. ಉಡಿಯ ಅಕ್ಕಿಯನ್ನು ಎಡಗೈಯಲ್ಲೇ ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು, ಬಲಗಾಲು ಎಳೆಯುತ್ತ ಹೊಸ್ತಿಲು ದಾಟಿದಳು. ಶಂಕ್ರಮ್ಮ ಚೀಲ ಎತ್ತಿಕೊಂಡು ಹಿಂದೆ ಓಡಿದಳು. ದಾವಣಗೆರೆ ಬಸ್ಸು ಮನೆಯ ಮುಂದಿನ ರಸ್ತೆಯಲ್ಲೇ ಬರುತ್ತದೆ, ಕೈ ಮಾಡಿದರೆ ನಿಲ್ಲುತ್ತದೆ. ಪಂಚಾಕ್ಷರಪ್ಪ ಕೈ ಮಾಡಿದ.

ಬಸ್ಸಿನ ಮೆಟ್ಟಿಲು ಎತ್ತರ. ಎಡಗಾಲು ಮೇಲಿಟ್ಟರೆ ಕೆಳಗೆ ಬಲಗಾಲು ಭಾರ ತಾಳುವುದಿಲ್ಲ. ಬಲಗಾಲು ಮೇಲಕ್ಕೆ ಏಳುವುದೇ ಇಲ್ಲ. ಕಂಡಕ್ಟರು "ಬೇಗ ಬೇಗ" ಎಂದ. ಷಣ್ಮುಖಪ್ಪ ಮುಂದೆ ಹೋಗಿ ಅವಳ ರೆಟ್ಟೆಗೆ ಕೈ ಹಾಕಿದ. ಅವಳು ಆ ಕೈಯನ್ನು ತೆಗೆದಳು. ಸಿಟ್ಟಿನಿಂದಲ್ಲ, ಸೀರೆಗೆ ಅಂಟಿದ ಹುಲ್ಲುಕಡ್ಡಿ ತೆಗೆದ ಹಾಗೆ. ಅಣ್ಣನ ಕೈಯನ್ನೂ ಬೇಡವೆಂದಳು. ಒಂದಿಷ್ಟು ಹೊತ್ತು ಮೆಟ್ಟಿಲನ್ನೇ ನೋಡುತ್ತ ನಿಂತಳು. ಆಮೇಲೆ ಬಸ್ಸಿಗೆ ಬೆನ್ನು ಹಾಕಿ, ಮೆಟ್ಟಿಲ ಮೇಲೆ ಕೂತಳು. ಎಡಗೈಯಲ್ಲಿ ಬಾಗಿಲ ಕಂಬಿ ಹಿಡಿದು, ಎಡಗಾಲು ಒತ್ತಿ, ಕೂತಲ್ಲಿಂದಲೇ ಮೇಲಿನ ಮೆಟ್ಟಿಲಿಗೆ ಏರಿದಳು, ಅಲ್ಲಿಂದ ಮತ್ತೊಂದಕ್ಕೆ. ಕೊನೆಗೆ ಬಲಗಾಲನ್ನು ಸೀರೆಯ ನೆರಿಗೆ ಹಿಡಿದು ಒಳಗೆ ಎತ್ತಿಟ್ಟುಕೊಂಡಳು. ಒಳಗಿದ್ದ ಯಾರೋ ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟರು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಒಂದು ವರ್ಷ ಅವನು ಎತ್ತಿ ಇಳಿಸಿ ಮಾಡಿದ್ದನಲ್ಲ, ಒಮ್ಮೆಯೂ ಅವಳನ್ನು ಅವಳ ಪಾಡಿಗೆ ಬಿಟ್ಟಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಬಹಳ ದಿನದ ಮೇಲೆ ಆದದ್ದರಿಂದ ಅದು ನಾಚಿಕೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಕಿಟಕಿಯ ಕೆಳಗೆ ಹೋಗಿ ನಿಂತ. ಅಜ್ಜಮ್ಮನೂ ಬಂದು ಪಕ್ಕದಲ್ಲಿ ನಿಂತಿದ್ದಳು. ಕಸ್ತೂರಮ್ಮನ ತಲೆಯ ಮೇಲೆ ಸೆರಗು ಇರಲಿಲ್ಲ. ಜಾರಿತ್ತು, ಅವಳು ಎಳೆದುಕೊಳ್ಳಲಿಲ್ಲ. ಅವಳ ಬಾಯಿ ಓರೆಯಾಯಿತು. ಗಂಟಲಿನ ನರ ಎದ್ದಿತು. ಹಣೆಯ ಮೇಲೆ ಬೆವರು ಒಡೆಯಿತು. ಆತು ಎನ್ನುತ್ತಾಳೆ ಎಂದು ಅವನು ಕಾದ.

"ಷ..." ಎಂದಳು. ರಾಗವಿರಲಿಲ್ಲ. "ಷಣ್... ಮು... ಖಪ್ಪ."

ಹಿಂದೆ ಮುಂದೆ ಏನೂ ಇಲ್ಲ, ಬರೀ ಹೆಸರು. ದಾರಿಯಲ್ಲಿ ಹೋಗುವ ಯಾರನ್ನೋ ಕರೆದ ಹಾಗೆ, ಹಾಜರಿ ಕೂಗಿದ ಹಾಗೆ. ಅಜ್ಜಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಶಿವನೇ, ಗಂಡನ ಹೆಸರು ಹಿಡಿದು ಕರೀತಾಳಲ್ಲ" ಎಂದಳು, ತನಗೇ ಹೇಳಿಕೊಂಡಂತೆ.

"ಏನು?" ಎಂದ ಷಣ್ಮುಖಪ್ಪ.

ಅವಳು ಬೆವರು ಒರೆಸಿಕೊಂಡು ಮುಂದಕ್ಕೆ ತಿರುಗಿ ಕೂತಳು. ಪಂಚಾಕ್ಷರಪ್ಪ ಮೂರು ಟಿಕೇಟು ತೆಗೆದುಕೊಳ್ಳುತ್ತಿದ್ದ.